ಗಮ್ ನೋಡಿ ಪ್ಯಾಕ್ ಕೊಳ್ಳಿ: ಹಳೆಯ ಬೇಸ್‌ಬಾಲ್ ಕಾರ್ಡ್ ಪ್ಯಾಕ್ ಆರಿಸುವ, ಬಿಚ್ಚುವ, ಕಾಪಾಡುವ ಸಮಗ್ರ ಮಾರ್ಗದರ್ಶಿ

1952ರಿಂದ 1991ರವರೆಗೆ ಅಮೆರಿಕದಲ್ಲಿ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಪ್ಯಾಕ್ ಕೊಂಡ ಮಕ್ಕಳ ಕೈಗೆ ಆಟಗಾರರ ಚಿತ್ರವಿರುವ ಕಾರ್ಡುಗಳ ಜೊತೆ ತೆಳ್ಳನೆಯ ಗುಲಾಬಿ ಪಟ್ಟಿಯೊಂದು ಬರುತ್ತಿತ್ತು. ಅದೇ ಬಬಲ್ ಗಮ್. ಮೇಲೆ ಬಿಳಿ ಪುಡಿ, ಹಲ್ಲಿಗೆ ಸಿಕ್ಕರೆ ಹಪ್ಪಳದ ಹಾಗೆ ಚೂರು, ಒಂದೆರಡು ನಿಮಿಷ ಸಿಹಿ, ಆಮೇಲೆ ಬರೀ ರಬ್ಬರು. ಸಂಗ್ರಾಹಕರು ಅದಕ್ಕೆ ಶಾಪ ಹಾಕುತ್ತಲೇ ಬಂದಿದ್ದಾರೆ. ಪ್ಯಾಕ್‌ನೊಳಗೆ ತನಗೆ ತಾಗಿಕೊಂಡ ಕಾರ್ಡಿನ ಮೇಲೆ ಅದು ತನ್ನದೇ ಅಳತೆಯ ಕಲೆ ಬಿಟ್ಟು ಹೋಗುತ್ತದೆ.

ಆದರೂ ಬಿಚ್ಚದ ಹಳೆಯ ಪ್ಯಾಕ್ ಕೊಳ್ಳಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು: ಒಳಗೆ ಯಾವ ಆಟಗಾರ ಇದ್ದಾನೋ ಎಂದು ಆಸೆಪಡುವ ಮುಂಚೆ ಗಮ್ಮಿನ ವಿಚಾರ ಮಾಡಿ. ಯಾವ ವರ್ಷದ ಯಾವ ಕಂಪನಿಯ ಪ್ಯಾಕ್‌ನಲ್ಲಿ ಗಮ್ ಇರಬೇಕು, ಯಾವುದರಲ್ಲಿ ಇರಲೇಬಾರದು, ಇದ್ದರೆ ಅದು ಎಂಥ ಗುರುತು ಬಿಟ್ಟಿರಬೇಕು ಎಂಬುದು ತಿಳಿದಿದ್ದರೆ ಎಷ್ಟೋ ಮೋಸ ಅಂಗಡಿಯಲ್ಲೇ ಸಿಕ್ಕಿಬೀಳುತ್ತದೆ. ಕಾರ್ಡಿಗೆ ಶತ್ರುವಾದ ಗಮ್ಮೇ ಪ್ಯಾಕಿನ ಪರವಾಗಿ ಸಾಕ್ಷಿಯನ್ನೂ ಹೇಳುತ್ತದೆ.

ಇದನ್ನು ಬರೆಯುವಾಗ ಮನಸ್ಸಿನಲ್ಲಿರುವುದು ಮುಖ್ಯವಾಗಿ ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳು. ಮಗ ಮಕ್ಕಳ ಬೇಸ್‌ಬಾಲ್ ಪಂದ್ಯಾವಳಿ ಲಿಟಲ್ ಲೀಗ್ ಆಡುತ್ತಿದ್ದಾನೆ, ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಯಾರೋ ಧೂಳು ಹಿಡಿದ ಪೆಟ್ಟಿಗೆ ಇಟ್ಟಿದ್ದಾರೆ, ಕೊಳ್ಳಬೇಕೋ ಬೇಡವೋ ಎಂಬ ಅನುಮಾನ. ಊರಿನಲ್ಲಿ ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಬಂದ ರನ್ನು, ವಿಕೆಟ್ಟು ಕೂಡಿಹಾಕಿದ ತಲೆಮಾರಿಗೆ ಈ ಹುಚ್ಚು ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 1: ಯಾವ ಪ್ಯಾಕ್‌ನಲ್ಲಿ ಏನಿರಬೇಕು ಎಂಬುದನ್ನು ಕಲಿಯಿರಿ

ಇದೇ ಅತಿ ಮುಖ್ಯವಾದ ಹೆಜ್ಜೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮೊದಮೊದಲು ಬೇಸ್‌ಬಾಲ್ ಕಾರ್ಡುಗಳು ಸಿಗರೇಟ್ ಪೊಟ್ಟಣಗಳಲ್ಲಿ ಬರುತ್ತಿದ್ದವು. ಗಾಳಿಗುಳ್ಳೆ ಊದಬಹುದಾದ ಗಮ್ ಸರಿಯಾಗಿ ಕೈಗೂಡಿದ್ದು 1928ರಲ್ಲಿ, ಫಿಲಡೆಲ್ಫಿಯಾದ ಫ್ಲಿಯರ್ ಕಂಪನಿಯಲ್ಲಿ. ಕಂಡುಹಿಡಿದ ವಾಲ್ಟರ್ ಡೀಮರ್ ರಸಾಯನಶಾಸ್ತ್ರಜ್ಞನಲ್ಲ, ಅಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ. ಆ ಹೊತ್ತಿಗೆ ಕೈಗೆ ಸಿಕ್ಕ ಬಣ್ಣ ಗುಲಾಬಿಯೊಂದೇ ಆದ್ದರಿಂದ ಗಮ್ ಗುಲಾಬಿಯಾಯಿತು. ಬೇರೆ ಕಂಪನಿಗಳೂ ಅದನ್ನೇ ಹಿಡಿದವು.

1933ರಲ್ಲಿ ಬಾಸ್ಟನ್ನಿನ ಗೌಡಿ ಗಮ್ ಕಂಪನಿ 240 ಕಾರ್ಡುಗಳ ಸರಣಿ ತಂದಿತು. ಆ ಕಾಲದ ದೊಡ್ಡ ಆಟಗಾರ ಬೇಬ್ ರೂತ್ ಒಬ್ಬನದೇ ಅದರಲ್ಲಿ ನಾಲ್ಕು ಕಾರ್ಡು. 106ನೇ ಸಂಖ್ಯೆಯ ನ್ಯಾಪ್ ಲಾಜವೇ ಕಾರ್ಡನ್ನು ಮಾತ್ರ ಆ ವರ್ಷ ಅಚ್ಚು ಹಾಕಲೇ ಇಲ್ಲ. ಸರಣಿ ಪೂರ್ತಿ ಮಾಡುವ ಹಟಕ್ಕೆ ಬಿದ್ದ ಮಕ್ಕಳು ಗಮ್ ಕೊಳ್ಳುತ್ತಲೇ ಇದ್ದರು. ದೂರು ಬರೆದವರಿಗೆ ಮಾರನೇ ವರ್ಷ ಆ ಕಾರ್ಡು ಅಂಚೆಯಲ್ಲಿ ಹೋಯಿತು. ಗಮ್ ಮಾರುವುದಕ್ಕೆ ಕಾರ್ಡು ಒಂದು ನೆಪ ಎಂಬುದು ಇಷ್ಟು ನೇರವಾಗಿ ಕಾಣುವ ಪ್ರಸಂಗ ಇನ್ನೊಂದಿಲ್ಲ.

1939ರಿಂದ 1941ರವರೆಗೆ ಫಿಲಡೆಲ್ಫಿಯಾದ ಗಮ್ ಇಂಕ್ ಕಂಪನಿಯ 'ಪ್ಲೇ ಬಾಲ್' ಕಾರ್ಡುಗಳು ಬಂದವು. ಯುದ್ಧ ಮುಗಿದ ಮೇಲೆ ಅದೇ ಕಂಪನಿ ಬೌಮನ್ ಎಂಬ ಹೆಸರಿನಲ್ಲಿ 1948ರಿಂದ 1955ರವರೆಗೆ ಕಾರ್ಡು ಹೊರತಂದಿತು. ಆಗ ಆಟಗಾರರ ಕಾರ್ಡುಗಳನ್ನು ಗಮ್ಮಿನ ಜೊತೆ ಮಾರುವ ಒಪ್ಪಂದಗಳು ಬೌಮನ್ ಕೈಯಲ್ಲಿದ್ದವು. ಬ್ರೂಕ್ಲಿನ್‌ನ ಟಾಪ್ಸ್ 1951ರಲ್ಲಿ ಈ ವ್ಯಾಪಾರಕ್ಕೆ ಇಳಿದಾಗ ಗಮ್ ಇಡುವಂತಿರಲಿಲ್ಲ. ಅದಕ್ಕೇ ಆ ವರ್ಷದ ಕೆಂಪು ಬೆನ್ನಿನ, ನೀಲಿ ಬೆನ್ನಿನ ಪುಟ್ಟ ಕಾರ್ಡುಗಳ ಜೊತೆ ಟ್ಯಾಫಿ ಇಟ್ಟರು. ಕಾರ್ಡಿನ ವಾರ್ನಿಷ್ ರುಚಿ ಟ್ಯಾಫಿಗೆ ಹತ್ತಿ ಯಾರಿಗೂ ಬೇಡವಾಯಿತು. ಆದ್ದರಿಂದ 1951ರ ಟಾಪ್ಸ್ ಪ್ಯಾಕ್‌ನಲ್ಲಿ 'ಅಸಲಿ ಗಮ್ ಇದೆ' ಎಂದು ಯಾರಾದರೂ ಹೇಳಿದರೆ ನಗುತ್ತಾ ಮುಂದೆ ಹೋಗಿ.

1952ರಲ್ಲಿ ಟಾಪ್ಸ್ 407 ಕಾರ್ಡುಗಳ ದೊಡ್ಡ ಸರಣಿ ತಂದಿತು. ಅದನ್ನು ರೂಪಿಸಿದವರು ಟಾಪ್ಸ್‌ನಲ್ಲಿದ್ದ ಸೈ ಬರ್ಗರ್ ಮತ್ತು ವುಡಿ ಗೆಲ್ಮನ್. ಸರಣಿಯ ಕೊನೆಯ ಭಾಗ ಸೀಸನ್ ಮುಗಿಯುವ ಹೊತ್ತಿಗೆ ಬಂದದ್ದರಿಂದ ಗೋದಾಮಿನಲ್ಲೇ ಉಳಿಯಿತು. 1960ರಲ್ಲಿ ಅವನ್ನು ದೋಣಿಗೆ ತುಂಬಿಸಿ ನ್ಯೂಜೆರ್ಸಿಯ ಆಚೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. 311ನೇ ಸಂಖ್ಯೆಯ ಮಿಕಿ ಮ್ಯಾಂಟಲ್ ಕಾರ್ಡು ಇದ್ದದ್ದು ಆ ಕೊನೆಯ ಭಾಗದಲ್ಲೇ. 2022ರ ಆಗಸ್ಟ್‌ನಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರಿಗೆ ಮಾರಾಟವಾಯಿತು.

ಬೌಮನ್ ಮತ್ತು ಟಾಪ್ಸ್ ನಡುವಿನ ಜಗಳ ನ್ಯಾಯಾಲಯಕ್ಕೆ ಹೋಗಿ, 1953ರ ಹೇಲನ್ ಲ್ಯಾಬೊರೇಟರೀಸ್ (ಬೌಮನ್ ಕಂಪನಿಯ ಆಗಿನ ಹೆಸರು) ತೀರ್ಪಿನಲ್ಲಿ ವ್ಯಕ್ತಿಯ ಮುಖ, ಹೆಸರಿನ ವಾಣಿಜ್ಯ ಬಳಕೆಯ ಮೇಲೆ ಅವನಿಗೇ ಹಕ್ಕಿದೆ ಎಂಬ ತತ್ವ ಗಟ್ಟಿಯಾಯಿತು. ಗಮ್ ಕಂಪನಿಗಳ ಕಿತ್ತಾಟದಿಂದ ಹುಟ್ಟಿದ ಈ ಹಕ್ಕನ್ನು ಇಂದು ಸಿನಿಮಾ ತಾರೆಯರೂ ಬಳಸುತ್ತಾರೆ. 1956ರಲ್ಲಿ ಟಾಪ್ಸ್ ಬೌಮನ್ ಅನ್ನೇ ಕೊಂಡುಬಿಟ್ಟಿತು. ಅಲ್ಲಿಂದ ಇಪ್ಪತ್ತೈದು ವರ್ಷ ಹೆಚ್ಚುಕಡಿಮೆ ಅದರದೇ ರಾಜ್ಯಭಾರ. ಕೆಳ ಹಂತದ ಲೀಗ್‌ಗಳಲ್ಲಿ ಆಡುವ ಹುಡುಗರ ಕೈಗೆ 5 ಡಾಲರ್ ಇಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದರು. ಅವರು ಮೇಲಿನ ಲೀಗ್‌ಗೆ ಬರುವ ಹೊತ್ತಿಗೆ ಟಾಪ್ಸ್ ಪಾಲಾಗಿರುತ್ತಿದ್ದರು. ನಡುವೆ 1963ರಲ್ಲಿ ಫ್ಲಿಯರ್ ಒಂದು ಸಣ್ಣ ಸರಣಿ ತಂದಿತು. ಟಾಪ್ಸ್ ಒಪ್ಪಂದಕ್ಕೆ ಸಿಕ್ಕಿಕೊಳ್ಳಬಾರದೆಂದು ಅದರಲ್ಲಿ ಗಮ್ ಬದಲು ಬಿಸ್ಕತ್ತು ಇಟ್ಟಿದ್ದರು. ಟಾಪ್ಸ್ ಅದನ್ನೂ ನಿಲ್ಲಿಸಿತು.

ಇನ್ನು ನಿಮ್ಮ ಕೈಗೆ ನಿಜವಾಗಿ ಸಿಗಬಹುದಾದ ಪ್ಯಾಕ್‌ಗಳ ಕಾಲ. 1975ರಲ್ಲಿ ಫ್ಲಿಯರ್ ಹೂಡಿದ ಮೊಕದ್ದಮೆಯಲ್ಲಿ 1980ರಲ್ಲಿ ಟಾಪ್ಸ್ ಏಕಸ್ವಾಮ್ಯದ ವಿರುದ್ಧ ತೀರ್ಪು ಬಂತು. ಕೂಡಲೇ 1981ರಲ್ಲಿ ಫ್ಲಿಯರ್ ಮತ್ತು ಡಾನ್ರಸ್ ಎರಡೂ ಗಮ್ ಸಮೇತ ಕಾರ್ಡು ಮಾರಿದವು. ಅದೇ ವರ್ಷದ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಆದರೆ ಟಾಪ್ಸ್ ಕೈಲಿದ್ದ ವಿಶೇಷ ಹಕ್ಕು ಗಮ್ಮಿನ ಜೊತೆ ಮಾರುವ ಕಾರ್ಡಿಗೆ ಮಾತ್ರ. ಕಾರ್ಡಿನ ಜೊತೆ ಬೇರೆ ಏನಾದರೂ ಇಟ್ಟು ಮಾರಿದರೆ? 1982ರಿಂದ ಫ್ಲಿಯರ್ ತಂಡಗಳ ಲಾಂಛನದ ಸ್ಟಿಕರ್ ಇಟ್ಟಿತು. ಡಾನ್ರಸ್ ಬೇಬ್ ರೂತ್ ಚಿತ್ರದ ಜಿಗ್ಸಾ ತುಂಡುಗಳನ್ನು ಇಟ್ಟಿತು.

ಇದರಿಂದ ನಿಮಗೆ ಸಿಗುವ ಲಾಭ ಇಷ್ಟು: 1981ರ ಫ್ಲಿಯರ್, ಡಾನ್ರಸ್ ಪ್ಯಾಕ್‌ನಲ್ಲಿ ಗಮ್ ಇರಬೇಕು. 1982ರಿಂದಾಚೆಗಿನ ಅವೆರಡು ಕಂಪನಿಗಳ ಬೇಸ್‌ಬಾಲ್ ಪ್ಯಾಕ್‌ನಲ್ಲಿ ಇರಬಾರದು. 1984ರ ಡಾನ್ರಸ್ ಪ್ಯಾಕ್ ತೋರಿಸಿ, ಒಳಗೆ ಡಾನ್ ಮ್ಯಾಟಿಂಗ್ಲಿಯ ಮೊದಲ ಕಾರ್ಡು ಇರಬಹುದು, ಗಮ್ಮೂ ಗಟ್ಟಿಯಾಗಿ ಕೈಗೆ ಸಿಗುತ್ತದೆ ನೋಡಿ ಎಂದು ಯಾರಾದರೂ ಹೇಳಿದರೆ, ಆ ಪ್ಯಾಕನ್ನು ಯಾರೋ ಬಿಚ್ಚಿ ಮತ್ತೆ ಮುಚ್ಚಿದ್ದಾರೆ. ಟಾಪ್ಸ್‌ನ ಮೇಣದ ಪ್ಯಾಕ್‌ಗಳಲ್ಲಿ (ಮೇಣ ಸವರಿದ ಕಾಗದ ಸುತ್ತಿದವು) ಮಾತ್ರ 1991ರವರೆಗೂ ಗಮ್ ಇದ್ದೇ ಇತ್ತು. ಕೆನಡಾದ ಓ-ಪೀ-ಚೀ ಟಾಪ್ಸ್ ಜೊತೆಗಿನ ಒಪ್ಪಂದದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಭಾಷೆಯ ಕಾರ್ಡು ಹಾಕುತ್ತಿತ್ತು, ಅದರ ಮೇಣದ ಪ್ಯಾಕ್‌ನಲ್ಲೂ ಗಮ್ ಇರುತ್ತಿತ್ತು. 1989ರಲ್ಲಿ ಬಂದ ಅಪ್ಪರ್ ಡೆಕ್ ಹೊಳೆಯುವ ಫಾಯಿಲ್ ಹೊದಿಕೆ, ಹೊಲೊಗ್ರಾಮ್ ಹಾಕಿ, ಗಮ್ಮಿಲ್ಲದೆ ಹೆಚ್ಚಿನ ಬೆಲೆಗೆ ಮಾರಿ ಗೆದ್ದಿತು. ಕಾರ್ಡನ್ನು ಬಂಡವಾಳ ಎಂದುಕೊಂಡ ದೊಡ್ಡವರು ಕೊಳ್ಳುವವರಾದ ಮೇಲೆ ಕಲೆ ಮಾಡುವ ಗಮ್ ಯಾರಿಗೆ ಬೇಕಿತ್ತು? 1992ರಲ್ಲಿ ಟಾಪ್ಸ್ ಕೂಡ ಅದನ್ನು ಕೈಬಿಟ್ಟಿತು. 2001ರಲ್ಲಿ 1952ರ ವಿನ್ಯಾಸವನ್ನು ನೆನಪಿಸುವ 'ಹೆರಿಟೇಜ್' ಸರಣಿಯಲ್ಲಿ ಗಮ್ ಹಳೆಯ ಕಾಲದ ನೆನಪಾಗಿ ಮರಳಿತು.

ಹೆಜ್ಜೆ 2: ಕಲಿಕೆಗೆ ಅಗ್ಗದ ಪ್ಯಾಕ್ ಕೊಳ್ಳಿ

1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಕಂಪನಿಗಳು ಮಿತಿಯಿಲ್ಲದೆ ಕಾರ್ಡು ಅಚ್ಚು ಹಾಕಿದವು. ಎಲ್ಲರೂ ಕೂಡಿಟ್ಟರು, ಆದ್ದರಿಂದ ಯಾವುದಕ್ಕೂ ಬೆಲೆ ಬರಲಿಲ್ಲ. ಸಂಗ್ರಾಹಕರು ಆ ಕಾಲವನ್ನು 'ಜಂಕ್ ವ್ಯಾಕ್ಸ್' ಎಂದು ಕರೆಯುತ್ತಾರೆ. ಆಗ ಹೊಟ್ಟೆ ಉರಿಸಿಕೊಂಡವರ ನಷ್ಟ ಈಗ ಕಲಿಯುವವರ ಲಾಭ, ಏಕೆಂದರೆ ಅಸಲಿ ಗಮ್ ಇರುವ ಪ್ಯಾಕ್ ಕೆಲವೇ ಡಾಲರಿಗೆ ಸಿಗುತ್ತದೆ.

ಮೊದಲ ಖರೀದಿಗೆ ನಾನು ಹೇಳುವುದು 1987ರ ಟಾಪ್ಸ್. ಮರದ ಹಲಗೆಯಂತೆ ಕಾಣುವ ಅಂಚಿನ ಕಾರ್ಡುಗಳು. ಪ್ಯಾಕ್‌ಗೆ 17 ಕಾರ್ಡು, ಒಂದು ಗಮ್, ಆಗಿನ ಬೆಲೆ 40 ಸೆಂಟ್. ಪೆಟ್ಟಿಗೆಗೆ 36 ಪ್ಯಾಕ್. 792 ಕಾರ್ಡುಗಳ ಸರಣಿಯಲ್ಲಿ 320ನೇದು ಬ್ಯಾರಿ ಬಾಂಡ್ಸ್. ಒಂದೆರಡು ಪ್ಯಾಕ್ ಹಾಳಾದರೂ ಜೇಬಿಗೆ ನೋವಿಲ್ಲ. ಮೋಸ ಮಾಡುವವರೂ ಇಷ್ಟು ಅಗ್ಗದ ಪ್ಯಾಕನ್ನು ಬಿಚ್ಚಿ ಮುಚ್ಚುವ ಕಷ್ಟ ತೆಗೆದುಕೊಳ್ಳುವುದು ಕಡಿಮೆ. ಹೀಗಾಗಿ ಅಸಲಿ ಪ್ಯಾಕ್ ಹೇಗಿರುತ್ತದೆ ಎಂದು ಕಣ್ಣಿಗೆ, ಕೈಗೆ ಪಾಠವಾಗಲು ಇದಕ್ಕಿಂತ ಒಳ್ಳೆಯದು ಇಲ್ಲ. ಗಮ್ ಇದ್ದ ಕೊನೆಯ ವರ್ಷದ್ದು ಬೇಕೆಂದರೆ 1991ರ ಟಾಪ್ಸ್ ಕೊಳ್ಳಿ.

ಕಲೆಯಿಲ್ಲದ ಕಾರ್ಡೇ ಗುರಿಯಾಗಿದ್ದರೆ ಮೇಣದ ಪ್ಯಾಕ್ ನಿಮಗಲ್ಲ. ಟಾಪ್ಸ್ ಅಂಗಡಿಯವರಿಗೆ 500 ಕಾರ್ಡುಗಳ ವೆಂಡಿಂಗ್ ಪೆಟ್ಟಿಗೆಗಳನ್ನೂ ಮಾರುತ್ತಿತ್ತು. ಅವುಗಳಲ್ಲಿ ಗಮ್ ಇಲ್ಲ, ಮೇಣ ಇಲ್ಲ.

ಹೆಜ್ಜೆ 3: ಹೊರಗಿನಿಂದ ಪರೀಕ್ಷಿಸಿ

ಹೊದಿಕೆ ಮೇಣ ಸವರಿದ ಕಾಗದ. ಕಾರ್ಖಾನೆಯಲ್ಲಿ ಯಂತ್ರ ಕಾರ್ಡುಗಳನ್ನೂ ಗಮ್ಮನ್ನೂ ಒಟ್ಟಿಗೆ ಸುತ್ತಿ, ಹಿಂಬದಿಯಲ್ಲಿ ಮಡಿಸಿ, ಅಲ್ಲಿ ಬಿಸಿ ಕೊಡುತ್ತದೆ. ಮೇಣ ಕರಗಿ ಕಾಗದಕ್ಕೆ ಕಾಗದ ಅಂಟುತ್ತದೆ. ಬೇರೆ ಅಂಟಿನ ಮಾತೇ ಇಲ್ಲ. ಮೋಸಗಾರರಿಗೆ ಇದೇ ಅನುಕೂಲ: ಮೆಲ್ಲಗೆ ಎಬ್ಬಿಸಿ, ಒಳ್ಳೆಯ ಕಾರ್ಡು ತೆಗೆದು, ಬದಲಿಗೆ ಯಾವುದಾದರೂ ಸೇರಿಸಿ, ಇಸ್ತ್ರಿಪೆಟ್ಟಿಗೆ ಸೋಕಿಸಿದರೆ ಮತ್ತೆ ಅಂಟಿಕೊಳ್ಳುತ್ತದೆ.

ಪ್ಯಾಕನ್ನು ಬೋರಲು ಇಟ್ಟು, ದೀಪದ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ಅಸಲಿ ಪ್ಯಾಕ್‌ನಲ್ಲಿ ಬಿಸಿ ತಾಗಿದ ಗುರುತು ಒಂದೇ ಸಮನಾಗಿ, ಮಡಿಕೆಯ ಜಾಗಕ್ಕೆ ಸರಿಯಾಗಿ ಕೂತಿರುತ್ತದೆ. ಮಡಿಕೆಯ ಪಕ್ಕದಲ್ಲಿ ಇನ್ನೊಂದು ಹಳೆಯ ಮೇಣದ ಗೆರೆ ಇಣುಕುತ್ತಿದ್ದರೆ ಕಾಗದ ಮೊದಲು ಬೇರೆ ಜಾಗದಲ್ಲಿ ಅಂಟಿಕೊಂಡಿತ್ತು ಎಂದರ್ಥ. ಬಿಸಿ ಹೆಚ್ಚಾಗಿ ಕಾಗದ ಎಣ್ಣೆ ಕುಡಿದಂತೆ ಪಾರದರ್ಶಕವಾಗಿರುವುದು, ಅಂಟಿನ ಹೊಳಪು, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಇರುವ ಹೊದಿಕೆ, ಸಿಗಬಾರದ ಜಾಗದಲ್ಲಿ ಸುಕ್ಕು, ಇವೆಲ್ಲ ಅನುಮಾನಕ್ಕೆ ಕಾರಣ. ಅಂಚಿನಲ್ಲಿ ಒಂದು ಸಣ್ಣ ಹರಿದ ಜಾಗವಿದ್ದರೆ ಗಾಬರಿ ಬೇಡ, ಆ ಕಾಗದಕ್ಕೆ ವಯಸ್ಸಾಗಿದೆ.

ಈಗ ಗಮ್ಮಿಗೆ ಬನ್ನಿ. ಪ್ಯಾಕನ್ನು ಅಲ್ಲಾಡಿಸಬೇಡಿ, ಹಿಂಡಬೇಡಿ. ಬೆರಳ ತುದಿಯಿಂದ ಮೇಲ್ಮೈಯನ್ನು ಸವರಿದರೆ ಪಟ್ಟಿಯ ಅಂಚು ಸಿಗುತ್ತದೆ. ಅದು ಒಡೆದಿರಬಹುದು, ಹಳೆಯ ಗಮ್ ಒಡೆಯದಿದ್ದರೇ ವಿಶೇಷ. ಒಡೆದ ಚೂರುಗಳು ಪಟ್ಟಿಯ ಆಕಾರದಲ್ಲೇ ಅಕ್ಕಪಕ್ಕ ಕೂತಿವೆಯೇ, ಇಲ್ಲವೇ ಒಂದು ಮೂಲೆಗೆ ಗುಡ್ಡೆ ಬಿದ್ದಿವೆಯೇ ನೋಡಿ. ಇರಬೇಕಾದ ವರ್ಷದ ಪ್ಯಾಕ್‌ನಲ್ಲಿ ಗಮ್ಮೇ ಸಿಗದಿದ್ದರೆ ಕಾರಣ ಕೇಳಿ. ಯಂತ್ರ ಒಮ್ಮೊಮ್ಮೆ ತಪ್ಪುತ್ತಿತ್ತು ಎಂಬ ಉತ್ತರ ಸಿಗಬಹುದು. ಅದು ನಿಜವೂ ಇರಬಹುದು, ಆದರೆ ನಿಮ್ಮ ದುಡ್ಡಿಗೆ ಆ ಉತ್ತರ ಸಾಲದು.

ಪ್ಲಾಸ್ಟಿಕ್ ಹೊದಿಕೆಯ ಸೆಲೊ ಪ್ಯಾಕ್, ಮೂರು ಖಾನೆಗಳ ರ್ಯಾಕ್ ಪ್ಯಾಕ್‌ಗಳ ಕಥೆ ಬೇರೆ. ಅವುಗಳಲ್ಲಿ ಮೇಲಿನ, ಕೆಳಗಿನ ಕಾರ್ಡು ಹೊರಗೇ ಕಾಣುತ್ತವೆ. ದೊಡ್ಡ ಆಟಗಾರನ ಮುಖ ಕಂಡರೆ ಬೆಲೆ ಏರುತ್ತದೆ, ಆ ಆಸೆಗೇ ನಕಲಿಗಳೂ ಹುಟ್ಟುತ್ತವೆ. ಹೊಸಬರು ಇವುಗಳಿಂದ ದೂರ ಇರುವುದು ಒಳ್ಳೆಯದು.

ಹೆಜ್ಜೆ 4: ಬೆಲೆ ಹೆಚ್ಚಿದ್ದರೆ ಮೂರನೆಯವರ ಕಣ್ಣು ಬೇಕು

1970ರ ದಶಕದ ಅಥವಾ ಅದಕ್ಕಿಂತ ಹಿಂದಿನ ಪ್ಯಾಕ್ ಕೊಳ್ಳುವಷ್ಟು ಧೈರ್ಯ ಬಂದಾಗ ಬರೀ ನಿಮ್ಮ ಕಣ್ಣನ್ನು ನಂಬಬೇಡಿ. ಬಿಚ್ಚದ ಪ್ಯಾಕ್, ಪೆಟ್ಟಿಗೆಗಳನ್ನು ಪರೀಕ್ಷಿಸಿ ಪಾರದರ್ಶಕ ಹೊದಿಕೆ ಸುತ್ತಿ ಕೊಡುವ ಕೆಲಸದಲ್ಲಿ ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ ಸಂಸ್ಥೆಗೆ ಹೆಸರಿದೆ. ಸಂಗ್ರಾಹಕರು ಅದನ್ನು ಬಿಬಿಸಿಇ ಎನ್ನುತ್ತಾರೆ. ಕಾರ್ಡುಗಳ ಸ್ಥಿತಿ ನೋಡಿ ದರ್ಜೆ ಕೊಡುವ ಪಿಎಸ್‌ಎ ಸಂಸ್ಥೆ ಕೂಡ ಬಿಚ್ಚದ ಪ್ಯಾಕ್‌ಗಳನ್ನು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿಟ್ಟು ದರ್ಜೆ ನೀಡಿದೆ. ಕವಚದ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡದೆ ಹಣ ಕೊಡಬೇಡಿ. ಕವಚವನ್ನೂ ನಕಲು ಮಾಡುವವರಿದ್ದಾರೆ.

ಮಾರುವವರನ್ನು ಕೇಳಬೇಕಾದದ್ದು: ಪ್ಯಾಕ್ ಎಲ್ಲಿಂದ ಬಂತು, ಪೂರ್ತಿ ಪೆಟ್ಟಿಗೆಯಿಂದ ತೆಗೆದದ್ದೋ ಬಿಡಿಯಾಗಿ ಸಿಕ್ಕಿದ್ದೋ, ಅದೇ ಪೆಟ್ಟಿಗೆಯ ಉಳಿದ ಪ್ಯಾಕ್ ಬಿಚ್ಚಿದಾಗ ಏನೇನು ಬಂತು. ಕೊನೆಯ ಪ್ರಶ್ನೆ ಸುಮ್ಮನೆ ಅಲ್ಲ. ಕಾರ್ಖಾನೆಯಲ್ಲಿ ಕಾರ್ಡುಗಳು ಒಂದು ಕ್ರಮದಲ್ಲಿ ಪ್ಯಾಕ್ ಸೇರುತ್ತಿದ್ದವು. ಆ ಕ್ರಮ ಬಲ್ಲವನು ಕೆಲವು ಪ್ಯಾಕ್ ಬಿಚ್ಚಿ ನೋಡಿ ಉಳಿದವುಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಊಹಿಸಬಲ್ಲ. ಒಳ್ಳೆಯದನ್ನು ತಾನಿಟ್ಟುಕೊಂಡು ಮಿಕ್ಕದ್ದನ್ನು ಬಿಡಿಯಾಗಿ ಮಾರಿದರೆ ಪ್ಯಾಕ್ ಅಸಲಿಯೇ, ಆಸೆ ಮಾತ್ರ ಖಾಲಿ.

ಹೆಜ್ಜೆ 5: ಬಿಚ್ಚುವುದೋ ಇಡುವುದೋ

ನನ್ನ ಅಭಿಪ್ರಾಯ ಇಷ್ಟೇ: ಅಗ್ಗದ್ದನ್ನು ಬಿಚ್ಚಿ, ದುಬಾರಿಯದನ್ನು ಬಿಚ್ಚಬೇಡಿ. ಹಳೆಯ ಪ್ಯಾಕ್‌ನ ಬೆಲೆಯಲ್ಲಿ ಒಳಗೆ ಇರಬಹುದಾದ ಕಾರ್ಡಿನ ಆಸೆಯೂ ಸೇರಿರುತ್ತದೆ, ಬಿಚ್ಚಿದ ಕ್ಷಣ ಅದು ಹೋಗುತ್ತದೆ. ಒಳಗಿನ ಕಾರ್ಡುಗಳೆಲ್ಲ ಸೇರಿದರೂ ಪ್ಯಾಕ್ ಬೆಲೆ ಮುಟ್ಟದಿರುವುದೇ ಹೆಚ್ಚು. ಮೇಲಾಗಿ ಅಂಚು ಓರೆಯಾಗಿ ಕತ್ತರಿಸಿರಬಹುದು, ಅಚ್ಚಿನ ಚುಕ್ಕೆ ಇರಬಹುದು, ನೀವು ಬಯಸಿದ ಆಟಗಾರನ ಬೆನ್ನಿಗೇ ಗಮ್ ಅಂಟಿರಬಹುದು.

ಹೆಜ್ಜೆ 6: ಬಿಚ್ಚುವ ಕ್ರಮ

ಒಣ ಮೇಜು, ಅದರ ಮೇಲೆ ಬಿಳಿ ಕಾಗದ, ತೊಳೆದು ಚೆನ್ನಾಗಿ ಒರೆಸಿದ ಕೈ. ಹತ್ತಿ ಕೈಗವಸು ಬೇಡ, ಅದರ ನೂಲಿಗೆ ಕಾರ್ಡಿನ ಮೂಲೆ ಸಿಕ್ಕಿಕೊಳ್ಳುತ್ತದೆ. ಫ್ಯಾನ್ ಆರಿಸಿ, ಸಕ್ಕರೆ ಪುಡಿ ಮನೆಯೆಲ್ಲ ಹಾರುವುದು ಬೇಡ. ಮೇಣ ಸಡಿಲವಾಗಲಿ ಎಂದು ಹೇರ್ ಡ್ರೈಯರ್ ಹಿಡಿಯಬೇಡಿ, ಕರಗಿದ ಮೇಣ ಒಳಗಿನ ಕಾರ್ಡಿಗೇ ಇಳಿಯುತ್ತದೆ. ಗಟ್ಟಿಯಾಗಲಿ ಎಂದು ಫ್ರಿಜ್‌ನಲ್ಲೂ ಇಡಬೇಡಿ, ಹೊರಗೆ ತೆಗೆದಾಗ ನೀರು ಹನಿಗಟ್ಟುತ್ತದೆ.

ಪ್ಯಾಕನ್ನು ಬೋರಲು ಹಾಕಿ, ಮೊದಲು ಎರಡು ತುದಿಯ ಮಡಿಕೆಗಳನ್ನು ಉಗುರಿನಿಂದ ಎಬ್ಬಿಸಿ. ಆಮೇಲೆ ಉದ್ದದ ಮಡಿಕೆ. ಎಳೆಯಬೇಡಿ, ಕಾಗದವನ್ನು ಹಿಂದಕ್ಕೆ ಸುರುಳಿ ಸುತ್ತುವಂತೆ ಬಿಡಿಸುತ್ತಾ ಹೋಗಿ. ಹೊದಿಕೆಗೂ ಸಂಗ್ರಾಹಕರಿದ್ದಾರೆ, ಹರಿಯದೆ ಉಳಿದರೆ ಒಳ್ಳೆಯದು.

ಕಾಗದ ಪೂರ್ತಿ ತೆರೆದ ಮೇಲೆ ಇಡೀ ಕಟ್ಟನ್ನು ಒಂದೇ ತುಂಡಾಗಿ ಎತ್ತಿ. ಇಸ್ಪೀಟ್ ಎಲೆಯ ಹಾಗೆ ಬೀಸಣಿಗೆ ಬಿಡಿಸುವ ಆತುರ ಬೇಡ, ಗಮ್ಮಿನ ಹರಳು ಸಕ್ಕರೆ ಎರಡು ಕಾರ್ಡಿನ ನಡುವೆ ಸಿಕ್ಕಿದರೆ ಗೀರುತ್ತದೆ. ಮೊದಲು ಗಮ್ ಎಲ್ಲಿದೆ ಎಂದು ನೋಡಿ, ಒಂದು ಫೋಟೊ ತೆಗೆಯಿರಿ. ಅದರ ಕೆಳಗಿನ ಕಲೆಯ ಆಕಾರವೂ ಗಮ್ಮಿನ ಆಕಾರವೂ ಒಂದಕ್ಕೊಂದು ಹೊಂದಬೇಕು. ದಶಕಗಳ ಕಾಲ ಒಂದೇ ಜಾಗದಲ್ಲಿ ಕೂತ ಗಮ್ ಸುಮ್ಮನೆ ಹೋಗುವುದಿಲ್ಲ. ಕಾರ್ಡು ಶುಭ್ರ, ಗಮ್ ಜಾರಿ ಆಚೀಚೆ ಓಡಾಡುತ್ತಿದೆ ಎಂದರೆ, ಅಥವಾ ಕಲೆ ಒಂದು ಕಡೆ ಗಮ್ ಇನ್ನೊಂದು ಕಡೆ ಎಂದರೆ, ಮಾರಿದವರಿಗೆ ಆ ಫೋಟೊ ಕಳಿಸಿ.

ಹೆಜ್ಜೆ 7: ಅಂಟಿಕೊಂಡ ಗಮ್ ಬಿಡಿಸುವುದು

ನಿಯಮ ಒಂದೇ: ಗಮ್ಮನ್ನು ಬಾಗಿಸಿ, ಕಾರ್ಡನ್ನಲ್ಲ. ಕಾರ್ಡನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದು ಗಮ್ಮಿನ ಒಂದು ತುದಿಯನ್ನು ಮೇಲಕ್ಕೆ ಮೀಟಿದರೆ ಅದು ಮುರಿಯುತ್ತದೆ. ಮುರಿಯಲಿ. ದೊಡ್ಡ ಚೂರುಗಳು ಹೀಗೆ ಬಂದುಬಿಡುತ್ತವೆ. ಉಳಿದ ತೆಳು ಪದರದ ಕೆಳಗೆ ಪರಿಮಳವಿಲ್ಲದ ಡೆಂಟಲ್ ಫ್ಲಾಸ್ ನೂಲನ್ನು ಗರಗಸದಂತೆ ಮೆಲ್ಲಗೆ ಆಡಿಸಬಹುದು. ಅದಕ್ಕೂ ಬಾರದಿದ್ದರೆ ಬಿಡಿ. ಬ್ಲೇಡ್, ನೀರು, ಸ್ಪಿರಿಟ್ ಮುಟ್ಟಿಸಬೇಡಿ. ಆ ಕಾಲದ ಕಾರ್ಡಿನ ಬೆನ್ನು ಮೆರುಗಿಲ್ಲದ ಒರಟು ರಟ್ಟು, ನೀರು ಬಿದ್ದರೆ ಉಬ್ಬುತ್ತದೆ.

ಪುಡಿಯನ್ನು ಕೈಯಿಂದ ಒರೆಸುವ ಅಭ್ಯಾಸ ಬೇಡ. ಮೆತ್ತನೆಯ ಒಣ ಬಣ್ಣದ ಕುಂಚದಿಂದ ಒಂದೇ ದಿಕ್ಕಿಗೆ ಗುಡಿಸಿ. ಗಮ್ಮಿನ ಅಂಚು ಒತ್ತಿ ಮೂಡಿದ ತಗ್ಗು ಮಾತ್ರ ಹೋಗುವುದಿಲ್ಲ.

ತಿನ್ನಬಹುದೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೇಡ. ಅಂತರ್ಜಾಲದ ವೀಡಿಯೊಗಳಲ್ಲಿ ಮೂವತ್ತು ನಲವತ್ತು ವರ್ಷದ ಗಮ್ ಜಗಿದು ಮುಖ ಕಿವುಚುವವರು ಬೇಕಾದಷ್ಟಿದ್ದಾರೆ, ಆ ಅನುಭವ ಅವರಿಂದಲೇ ತಿಳಿದುಕೊಳ್ಳಿ. ಇಷ್ಟು ಕಾಲ ಮೇಣ, ಶಾಯಿ, ರಟ್ಟಿನ ಜೊತೆ ಕೂತ ಪದಾರ್ಥ ಅದು. ಹಿಂದಿನ ಕಾಲದಲ್ಲಿ ಜಗಿಯುವ ಗಮ್ಮಿಗೆ ನಮ್ಮ ಸಪೋಟ ಮರದ ಜಾತಿಯದೇ ಹಾಲು ಬಳಸುತ್ತಿದ್ದರು ಎಂದು ಹೇಳಿ ಅವರ ಗಮನ ಬೇರೆ ಕಡೆ ಸೆಳೆಯಬಹುದು. ಎರಡನೇ ಮಹಾಯುದ್ಧದ ನಂತರ ಆ ಜಾಗಕ್ಕೆ ಕೃತಕ ಪದಾರ್ಥ ಬಂತು.

ಹೆಜ್ಜೆ 8: ಮೇಣದ ಕಲೆ, ಗಮ್ಮಿನ ಕಲೆ

ಇವೆರಡನ್ನೂ ಒಂದೇ ಎಂದುಕೊಂಡು ಕೆಡಿಸುವವರೇ ಹೆಚ್ಚು. ಹೊದಿಕೆಗೆ ತಾಗಿದ ಕಾರ್ಡಿಗೆ ಆಗುವುದು ಮೇಣದ ಕಲೆ. ಮುಂಭಾಗದಲ್ಲಿ ಅದು ಮಬ್ಬು ಪೊರೆಯಂತೆ ಮೇಲೆ ಕೂತಿರುತ್ತದೆ, ಓರೆ ಬೆಳಕಿನಲ್ಲಿ ಕಾಣುತ್ತದೆ. ಬೆನ್ನಿಗೆ ಆಗಿದ್ದರೆ ರಟ್ಟಿನೊಳಗೆ ಇಳಿದು ಒದ್ದೆಯಾದಂತೆ ಕಪ್ಪಾಗಿ ಕಾಣುತ್ತದೆ. ಗಮ್ಮಿನ ಕಲೆಗೆ ಕಾರಣ ಸಕ್ಕರೆ ಪಾಕ, ಮೆತ್ತಗಾಗಿಸಲು ಹಾಕಿದ ಜಿಡ್ಡು. ಅದು ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಮುಂಭಾಗದ ಮೇಣಕ್ಕೆ ಸಂಗ್ರಾಹಕರ ಹಳೆಯ ಮದ್ದು ಹೆಂಗಸರ ನೈಲಾನ್ ಸ್ಟಾಕಿಂಗ್. ಒಗೆದು ಒಣಗಿಸಿದ ತುಂಡನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಕಾರ್ಡನ್ನು ಶುಭ್ರವಾದ ಚಪ್ಪಟೆ ಜಾಗದಲ್ಲಿಟ್ಟು, ಹಗುರವಾಗಿ ಸುತ್ತು ಹೊಡೆಯುತ್ತಾ ಉಜ್ಜಿ. ನಡುವಿನಿಂದ ಶುರುಮಾಡಿ ಅಂಚು ಮುಟ್ಟುವ ಮೊದಲೇ ನಿಲ್ಲಿಸಿ. ಮೂಲೆಗೆ ನೈಲಾನ್ ಸಿಕ್ಕಿದರೆ ಕಲೆಗಿಂತ ದೊಡ್ಡ ನಷ್ಟ. ಉಜ್ಜುವ ಮೊದಲು ಸಕ್ಕರೆ ಪುಡಿಯನ್ನು ಪೂರ್ತಿ ಗುಡಿಸಿರಬೇಕು. ಬಟ್ಟೆಗೆ ಮೇಣ ಹತ್ತಿದಂತೆ ಹೊಸ ಜಾಗ ತಿರುಗಿಸಿಕೊಳ್ಳುತ್ತಾ ಇರಿ. ಬೆಲೆಯಿಲ್ಲದ ಒಂದು ಕಾರ್ಡಿನ ಮೇಲೆ ಮೊದಲು ಕೈ ಪಳಗಲಿ.

ಬೆನ್ನಿನ ಮೇಣಕ್ಕೂ ಗಮ್ಮಿನ ಕಲೆಗೂ ನಾನು ಏನನ್ನೂ ಮಾಡುವುದಿಲ್ಲ. ಬಿಸಿ ಗಾಳಿ ಹಿಡಿದು ಹೀರುಕಾಗದ ಒತ್ತುವವರಿದ್ದಾರೆ, ಬಗೆಬಗೆಯ ದ್ರಾವಣ ಮಾರುವವರೂ ಇದ್ದಾರೆ. ರಾಸಾಯನಿಕ ಬಳಸಿದ ಕಾರ್ಡನ್ನು ದರ್ಜೆ ಕೊಡುವ ಸಂಸ್ಥೆಗಳು ತಿದ್ದಿದ ಕಾರ್ಡು ಎಂದು ತಿರಸ್ಕರಿಸುತ್ತವೆ. ಕಲೆ ಇರುವ ಕಾರ್ಡಿಗಾದರೆ ಪಿಎಸ್‌ಎಯಲ್ಲಿ ದರ್ಜೆಯ ಪಕ್ಕ 'ಎಸ್‌ಟಿ' ಎಂಬ ಗುರುತಾದರೂ ಸಿಗುತ್ತದೆ. ಕಲೆ ತೆಗೆದಿದ್ದರೆ, ಮಾರುವಾಗ ಕೊಳ್ಳುವವರಿಗೆ ಹೇಳಿ.

ಹೆಜ್ಜೆ 9: ಕಾಪಾಡುವುದು

ಬಿಚ್ಚಿದ ಕಾರ್ಡಿಗೆ ಮೊದಲು ತೆಳು ಪ್ಲಾಸ್ಟಿಕ್‌ನ ಪೆನ್ನಿ ಸ್ಲೀವ್, ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ. 1957ರಿಂದ ಟಾಪ್ಸ್ ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ, ಮಾಮೂಲಿ ಸ್ಲೀವ್‌ಗಳಿಗೆ ಸರಿಹೋಗುತ್ತದೆ. 1952ರಿಂದ 1956ರವರೆಗಿನವು ದೊಡ್ಡವು, ಅವುಗಳಿಗೆ ಬೇರೆ ಅಳತೆಯದು ಕೇಳಿ ತರಬೇಕು. ಪಿವಿಸಿ ಹಾಳೆಗಳು ಬೇಡ. ಒಂದೇ ಪ್ಯಾಕಿನ ಕಾರ್ಡುಗಳೆಂದು ರಬ್ಬರ್ ಬ್ಯಾಂಡ್ ಹಾಕಿ ಇಡುವುದಂತೂ ಬೇಡವೇ ಬೇಡ.

ಬಿಚ್ಚದ ಪ್ಯಾಕ್‌ಗಳನ್ನು ಒಂದರ ಮೇಲೊಂದು ರಾಶಿ ಹಾಕಬೇಡಿ, ಮೇಲಿನ ಭಾರಕ್ಕೆ ಗಮ್ಮಿನ ಅಂಚು ಕೆಳಗಿನ ಕಾರ್ಡಿನೊಳಗೆ ಒತ್ತುತ್ತದೆ. ಒಂದೇ ಸಾಲಿನಲ್ಲಿ, ಬಿಸಿಲು ತಾಗದ ಕಡೆ, ಮನೆಯೊಳಗಿನ ಸಮ ಹವೆಯಲ್ಲಿ ಇಡಿ. ಅಟ್ಟ ಮತ್ತು ಗ್ಯಾರೇಜ್ ಎರಡೂ ಕೆಟ್ಟ ಜಾಗಗಳು. ಬೇಸಿಗೆಯಲ್ಲಿ ಮೇಣ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಸಕ್ಕರೆ ಗಾಳಿಯ ತೇವ ಎಳೆದುಕೊಂಡು ಗಮ್ ಅಂಟಂಟಾಗುತ್ತದೆ. ಇಂಥದ್ದನ್ನು ಊರಿಗೆ ತಂದು ಮಂಗಳೂರು, ಉಡುಪಿ ಕಡೆ ಇಡುವವರು ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ ಇಲ್ಲದೆ ಕೈ ಹಾಕಬೇಡಿ. ಇರುವೆಗೆ ಪ್ಯಾಕಿನ ವರ್ಷ ಲೆಕ್ಕಕ್ಕಿಲ್ಲ, ಸಕ್ಕರೆ ಇದ್ದರೆ ಸಾಕು.

ಹೊರಗೆ ತೆಗೆದ ಗ‌ಮ್ಮನ್ನು ಎಸೆಯಲು ಮನಸ್ಸಾಗದಿದ್ದರೆ ಪುಟ್ಟ ಜಿಪ್ ಚೀಲಕ್ಕೆ ಹಾಕಿ, ಕಂಪನಿ ಮತ್ತು ವರ್ಷ ಬರೆದು, ಹೊದಿಕೆಯ ಜೊತೆ ಬೇರೆ ಡಬ್ಬಿಯಲ್ಲಿಡಿ. ಮುಂದೆ ಅನುಮಾನದ ಪ್ಯಾಕ್ ಬಂದಾಗ ಹೋಲಿಸಿ ನೋಡಲು ನಿಮ್ಮದೇ ಮಾದರಿ ಇರುತ್ತದೆ. ಬಿಡಿ ಗಮ್ ಕೇಳಿಕೊಂಡು ಬರುವವರಿಗೆ ಮಾತ್ರ ಮಾರಬೇಡಿ, ಅದು ಎಲ್ಲಿಗೆ ಹೋಗಿ ಯಾವ ಪ್ಯಾಕ್‌ನೊಳಗೆ ಕೂರಬಹುದು ಎಂಬುದು ಈಗ ನಿಮಗೆ ಗೊತ್ತು.